ಅಡಿಕೆಯ ಕೊಳೆಗೂ ಕುದುರೆಯ ಗೊರಸಿಗೂ ಒಂದೇ ಚೀಲದ ಔಷಧ

ಮುಂಗಾರು ಹತ್ತಿರವಾಗುತ್ತಿದ್ದಂತೆ ನಮ್ಮ ಸಂಘದ ಗೋದಾಮಿನಿಂದ ಅತಿ ಹೆಚ್ಚು ಹೊರಹೋಗುವ ಸರಕು ಎರಡು: ಮೈಲುತುತ್ತ ಮತ್ತು ಸುಣ್ಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕ ನಮ್ಮ ಸದಸ್ಯರಲ್ಲಿ ಯಾರಿಗೂ ಹೇಳಿಕೊಡಬೇಕಾದುದಲ್ಲ. ಆದರೆ ಇದೇ ಮೈಲುತುತ್ತವು ನಾಲ್ಕು ಕಾಲಿನ ಪ್ರಾಣಿಗಳ ಗೊರಸಿನ ಕೊಳೆಗೂ ಹಳೆಯ ಔಷಧವೆಂಬುದು, ಹಾಗೆಯೇ ಅಜಾಗರೂಕತೆಯಿಂದ ಬಳಸಿದರೆ ಅದೇ ಪ್ರಾಣಿಗಳಿಗೆ ವಿಷವೂ ಆದೀತೆಂಬುದು ನಮ್ಮಲ್ಲಿ ಹಲವರ ಗಮನಕ್ಕೆ ಬಂದಂತಿಲ್ಲ. ಕುರಿಗೊಬ್ಬರಕ್ಕಾಗಿ ಬಯಲುಸೀಮೆಯ ಕುರಿಗಾರರನ್ನೇ ನಂಬಿಕೊಂಡಿರುವ ನಾವು ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಮೊದಲು ಕೊಳೆಯ ವಿಚಾರ. 'ಕೊಳೆರೋಗ' ಎಂಬ ನಮ್ಮ ಮಾತು ಶಾಸ್ತ್ರಗ್ರಂಥಗಳಲ್ಲಿಯೂ ಸೇರಿದೆ. ಕಾಫಿಯ ಎಲೆಗಳು ಕಪ್ಪಗಾಗಿ ಕೊಳೆತು ಜೋತುಬೀಳುವ ರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಆಂಗ್ಲ ವಿದ್ವಾಂಸರು ಪೆಲಿಕ್ಯುಲೇರಿಯಾ ಕೊಳೆರೋಗ ಎಂದೇ ನಾಮಕರಣ ಮಾಡಿದರು. ಅಡಿಕೆಯ ಕೊಳೆರೋಗದ ಕಾರಣವನ್ನು ಕಂಡುಹಿಡಿದು, ಬೋರ್ಡೋ ದ್ರಾವಣವನ್ನು ನಮ್ಮ ಮಲೆನಾಡಿನ ತೋಟಗಳಿಗೆ ತಂದುಕೊಟ್ಟವರು ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್‌ರು. ಆ ದ್ರಾವಣವಾದರೋ ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ಹುಟ್ಟಿದ್ದು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿನ ರೈತರು ನೀಲಿ ಬಣ್ಣದ ಮೈಲುತುತ್ತ ಸುಣ್ಣ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಮಾತ್ರ ರೋಗ ಬಾರದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಕಂಡು, 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಓಡಿಸಲು ಹೊರಟದ್ದು ರೋಗವನ್ನು ಓಡಿಸಿತು.

ಈಗ ಗೊರಸಿಗೆ ಬರೋಣ. ಕಳೆದ ಬೇಸಿಗೆಗೆ ಮುನ್ನ ಕುರಿಗೊಬ್ಬರದ ಖರೀದಿಯನ್ನು ಕುದುರಿಸುವ ಸಲುವಾಗಿ ಆಡಳಿತ ಮಂಡಳಿಯ ಅಪ್ಪಣೆಯಂತೆ ನಾವು ಕೊಪ್ಪಳ ಸೀಮೆಯಲ್ಲಿ ಕೆಲವು ದಿನ ಸುತ್ತಾಡಿದೆವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ 1997ರಲ್ಲಿ ಹೊಸ ಜಿಲ್ಲೆ ಮಾಡಿದರು; ಈಚೆಗೆ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕುಗಳಾಗಿವೆ. ನಮ್ಮ ಕಡೆಯವರ ಕಣ್ಣಿಗೆ ಅದು ಬೇರೆಯೇ ಲೋಕ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಅಂದರೆ ನಮ್ಮಲ್ಲಿ ಆಷಾಢದ ಒಂದು ಜಡಿಮಳೆಯಲ್ಲಿ ಮುಗಿದುಹೋಗುವಷ್ಟು. ಇಂಥ ಒಣನಾಡಿನಲ್ಲಿ ಗೊರಸು ಕೊಳೆಯುವುದುಂಟೇ ಎಂದು ಯಾರಾದರೂ ಕೇಳಬಹುದು. ನಾವೂ ಹಾಗೆಯೇ ಕೇಳಿದೆವು.

ಉತ್ತರ ಅಲ್ಲಿನ ಭೂಮಿಯಲ್ಲೇ ಇದೆ. ಕುಷ್ಟಗಿ, ಯಲಬುರ್ಗಾದ ಕಡೆ ಮಸಾರಿ ಮತ್ತು ಎರೆ ಹೊಲಗಳು. ಬೇಸಿಗೆಯ ಬಿಸಿಲಿಗೆ ನೆಲ ಬಿರಿದಂತೆ ಕುದುರೆಯ ಗೊರಸೂ ಬಿರಿಯುತ್ತದೆ. ಕಲ್ಲುದಾರಿಯಲ್ಲಿ ಅಂಚು ಒಡೆದು ಸಂದುಗಳಾಗುತ್ತವೆ. ಆಮೇಲೆ ಒಂದು ಮಳೆ ಬಿತ್ತೆಂದರೆ ಎರೆಮಣ್ಣು ಅಂಟಿನಂತೆ ಆ ಸಂದುಗಳಲ್ಲಿ ತುಂಬಿ, ಗಾಳಿಯಾಡದ ಹಾಗೆ ಮೆತ್ತಿಕೊಳ್ಳುತ್ತದೆ. ಇನ್ನು ಗಂಗಾವತಿ, ಕಾರಟಗಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ. ಮುನಿರಾಬಾದಿನ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಭತ್ತದ ಗದ್ದೆ. ಸುಗ್ಗಿ ಮುಗಿಯುತ್ತಲೇ ಒಣಸೀಮೆಯ ಹಿಂಡುಗಳು ಕೂಳೆ ಮೇಯಲೂ ಗದ್ದೆಗಳಲ್ಲಿ ಕುರಿ ತರುಬಲೂ ಕಾಲುವೆಯ ಕೆಳಗೆ ಇಳಿಯುತ್ತವೆ. ಹಟ್ಟಿಯ ಸಾಮಾನು, ಬಲೆ, ಎಳೆಮರಿ, ಒಮ್ಮೊಮ್ಮೆ ಎಳೆಮಕ್ಕಳು ಸಹ ಹೊತ್ತು ಸಾಗುವುದು ಕೆಲವರಲ್ಲಿ ಕತ್ತೆ, ಕೆಲವರಲ್ಲಿ ತಟ್ಟುಕುದುರೆ. ಬಿರಿದ ಗೊರಸು ಹೊತ್ತು ಬಂದ ಕುದುರೆ ರಾತ್ರಿಯೆಲ್ಲ ಕಾಲುವೆಯ ತೇವದ ಮೇಲೆ ಕಟ್ಟಿಸಿಕೊಂಡು ನಿಂತರೆ ಕೊಳೆಯದೆ ಇನ್ನೇನಾದೀತು?

ಗಂಗಾವತಿಯಾಚೆ ಒಂದು ಉಪಕಾಲುವೆಯ ದಂಡೆಯಲ್ಲಿ ಇಂಥದೊಂದು ಕುದುರೆಯನ್ನು ನಾವು ಕಂಡೆವು. ಮುಂಗಾಲೊಂದನ್ನು ನೆಲಕ್ಕೆ ಪೂರ್ತಿ ಊರದೆ ನಿಂತಿತ್ತು. ಯಜಮಾನ ಕುಷ್ಟಗಿ ಕಡೆಯ ವೃದ್ಧ ಕುರಿಗಾರ. "ಕುದರಿ ಕುಂಟಾಕ ಹತ್ತಿ ಎಂಟ ದಿನಾ ಆತ್ರಿ ಸಾವ್ಕಾರ್ರ. ಕುದರಿ ನಿಂತ್ರ ಹಿಂಡ ನಿಂತಂಗ. ಹಿಂಡ ನಿಂತ್ರ ಮೇವ ಎಲ್ಲಿಂದ ತರೂದ್ರಿ?" ಎಂದರು ಆ ಅಜ್ಜ. ಒಪ್ಪಿಕೊಂಡಿದ್ದ ಗದ್ದೆಯಲ್ಲಿ ತರುಬುವ ಗಡುವು ಮುಗಿದಿತ್ತು; ಮುಂದಿನ ಗದ್ದೆಯವನು ಬೇರೆ ಹಿಂಡು ಕರೆಸುವುದಾಗಿ ಹೇಳಿ ಕಳುಹಿಸಿದ್ದನಂತೆ. ಕುದುರೆ ಮಾರೋಣವೆಂದರೆ ಕುಂಟುವ ಕುದುರೆಯನ್ನು ಕೊಳ್ಳುವವರು ಯಾರು? ಒಂದು ಗೊರಸಿನ ಮೇಲೆ ಒಂದು ಸಂಸಾರದ ವರ್ಷದ ದುಡಿಮೆ ನಿಂತಿರುವುದನ್ನು ನಾವು ಅಲ್ಲಿ ನೋಡಿದೆವು.

ಅವರ ಅದೃಷ್ಟಕ್ಕೆ ಹತ್ತಿರದ ಊರಿನಲ್ಲಿ ಮದುವೆ ಮೆರವಣಿಗೆಯ ಕುದುರೆಗಳಿಗೆ ಲಾಳ ಕಟ್ಟುವ ನಾಲಬಂದನೊಬ್ಬನಿದ್ದ. ಜಟಕಾಗಾಡಿಗಳು ಹೋದ ಮೇಲೆ ಈ ಕಸುಬಿನವರು ಊರಿಗೊಬ್ಬರೂ ಉಳಿದಿಲ್ಲ. ಆತ ಬಂದು, ಕುದುರೆಯ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಕೊಕ್ಕೆಯಿಂದ ಮಣ್ಣು ಕೆದಕಿದ ಕೂಡಲೇ ಎದ್ದ ದುರ್ನಾತ ಮೂಗು ಮುಚ್ಚಿಸುವಂತಿತ್ತು. ಅಜ್ಜ ಮೈಲುತುತ್ತದ ಪುಡಿಯ ಪೊಟ್ಟಣವನ್ನು ಮುಂದೆ ಹಿಡಿದರೆ ನಾಲಬಂದ ಅದನ್ನು ಪಕ್ಕಕ್ಕೆ ಸರಿಸಿ, "ಔಷಧಾ ಆಮ್ಯಾಗ, ಮೊದಲ ಗಾಳಿ ಕೊಡೂನು" ಎಂದ. ಪಶುವೈದ್ಯಶಾಸ್ತ್ರದ ದೊಡ್ಡ ಪುಸ್ತಕಗಳು ಹೇಳುವುದೂ ಇದನ್ನೇ.

ಕುದುರೆಯ ಅಂಗಾಲನ್ನು ಎತ್ತಿ ನೋಡಿದರೆ ಹಿಮ್ಮಡಿಯಿಂದ ಮುಂದಕ್ಕೆ ಬಾಣದ ಮೊನೆಯಂತೆ ಚಾಚಿದ, ರಬ್ಬರಿನಂತೆ ಮೆದುವಾದ ತ್ರಿಕೋನ ಭಾಗವೊಂದು ಕಾಣುತ್ತದೆ. ಇದನ್ನು ಇಲ್ಲಿ ಮೆತ್ತೆ ಎಂದು ಕರೆಯೋಣ. ಮೆತ್ತೆಯ ಎರಡು ಬದಿಗೂ ನಡುವೆಯೂ ಆಳವಾದ ಸಂದುಗಳಿವೆ. ಗಂಜಲ, ಸಗಣಿ, ಕೆಸರು ಈ ಸಂದುಗಳಲ್ಲಿ ನಿಂತರೆ ಅಲ್ಲಿ ಕೊಳೆ ಆರಂಭವಾಗಿ, ಕರಿಯ ಲೋಳೆ ಒಸರುತ್ತದೆ. ವಾಸನೆಯೇ ರೋಗದ ಗುರುತು. ಜನ ಇದನ್ನು ಬೂಷ್ಟಿನ ರೋಗ, ಶಿಲೀಂಧ್ರದ ರೋಗ ಎನ್ನುವುದುಂಟು. ನಿಜವಾಗಿ ನೋಡಿದರೆ ಇಲ್ಲಿ ಮುಖ್ಯ ಅಪರಾಧಿ ಗಾಳಿಯಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾ; ಶಿಲೀಂಧ್ರಗಳು ಅದರ ಜೊತೆಗಾರರು. ಎರಡನೆಯ ಬಗೆಯ ಕೊಳೆ ಗೊರಸಿನ ಗೋಡೆಯಲ್ಲಿ. ಅಂಗಾಲೂ ಗೋಡೆಯೂ ಕೂಡುವಲ್ಲಿ ತಿಳಿಬಣ್ಣದ ಗೆರೆಯೊಂದಿದೆ. ಗೊರಸು ಅತಿಯಾಗಿ ಬೆಳೆದು ಮುಂದಕ್ಕೆ ಚಾಚಿ ಆ ಗೆರೆ ಬಿಟ್ಟುಕೊಂಡರೆ, ಕೊಂಬಿನ ಪದಾರ್ಥವನ್ನೇ ತಿನ್ನುವ ಶಿಲೀಂಧ್ರಗಳು ಬ್ಯಾಕ್ಟೀರಿಯಾದೊಡನೆ ಒಳಹೊಕ್ಕು ಗೋಡೆಯ ಒಳಮೈಯನ್ನು ಹಿಟ್ಟು ಹಿಟ್ಟಾಗಿ ಮಾಡುತ್ತವೆ. ಹೊರಗಿನಿಂದ ಏನೂ ಕಾಣದು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಮಾತ್ರ ಟೊಳ್ಳು ಸದ್ದು ಬರುತ್ತದೆ, ಗೆದ್ದಲು ತಿಂದ ಬಾಗಿಲಿನ ಹಾಗೆ. ಕುದುರೆಯ ವಿಷಯದಲ್ಲಿ ಶಿಲೀಂಧ್ರದ ರೋಗವೆಂದು ಸಲ್ಲುವುದು ಹೆಚ್ಚಾಗಿ ಈ ಎರಡನೆಯದಕ್ಕೆ.

(ಹೆಸರಿನ ಗೊಂದಲ ಗೊರಸಿಗೆ ಮಾತ್ರವಲ್ಲ. ಅಡಿಕೆಯ ಕೊಳೆ ತರುವ ಫೈಟಾಫ್ತೊರವನ್ನು ನಾವೆಲ್ಲ ಕಾಲೇಜಿನಲ್ಲಿ ಶಿಲೀಂಧ್ರವೆಂದೇ ಓದಿ ಪಾಸಾದೆವು. ಈಗಿನ ವಿಜ್ಞಾನಿಗಳು ಅದು ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ಕಡೆಯ ಬಂಧು ಎನ್ನುತ್ತಾರೆ. ಮೈಲುತುತ್ತಕ್ಕೆ ಈ ವಂಶಾವಳಿಯ ಚಿಂತೆಯಿಲ್ಲ.)

ಇವೆರಡಕ್ಕೂ ಸಮಾನವಾದ ಒಂದು ಗುಣವನ್ನು ನೆನಪಿಟ್ಟರೆ ಚಿಕಿತ್ಸೆಯ ಮುಕ್ಕಾಲು ಪಾಲು ತಿಳಿದಂತೆ: ಈ ರೋಗಾಣುಗಳು ಕತ್ತಲೆ, ತೇವ, ಗಾಳಿಯಿಲ್ಲದ ಸಂದು ಇವನ್ನು ಬಯಸುತ್ತವೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯದೆ, ದಟ್ಟ ನೆರಳು ಕಡಿಯದೆ, ಬರಿಯ ಔಷಧಿ ಹೊಡೆದರೆ ಏನು ಫಲವೋ ಗೊರಸಿನಲ್ಲಿಯೂ ಅಷ್ಟೇ ಫಲ. ನಾಲಬಂದ ಮಾಡಿದ್ದು ಬಸಿಗಾಲುವೆಯ ಕೆಲಸವೇ. ಕೊಳೆತು ಸಡಿಲವಾದ ಮೆತ್ತೆಯ ಚೂರುಗಳನ್ನು ಮಾತ್ರ ಹರಿತವಾದ ಬಾಗುಗತ್ತಿಯಿಂದ ಸವರಿ ತೆಗೆದ. ಗಟ್ಟಿಯಿರುವ ಭಾಗವನ್ನು ಮುಟ್ಟಲಿಲ್ಲ, ರಕ್ತ ಕಾಣಿಸಲಿಲ್ಲ. ಸಂದು ತೆರೆದು ಬೆಳಕು ಬಿದ್ದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹಳೆಯ ಬ್ರಷ್ಷಿನಿಂದ ತಿಕ್ಕಿ ತೊಳೆದ. ಅಲ್ಲಿಗೇ ನಿಲ್ಲಿಸದೆ, ಒಣಬಟ್ಟೆಯಿಂದ ಒರೆಸಿ, ಕಾಲು ಆರಲೆಂದು ಕಲ್ಲುಹಾಸಿನ ಮೇಲೆ ಕಾಲು ಗಂಟೆ ನಿಲ್ಲಿಸಿದ. ಒದ್ದೆ ಗೊರಸಿಗೆ ಔಷಧ ಹಾಕುವುದೆಂದರೆ ಮಳೆ ಬರುತ್ತಿರುವಾಗಲೇ ಬೋರ್ಡೋ ಹೊಡೆದಂತೆ.

ಮೈಲುತುತ್ತ ಬಂದದ್ದು ಇದಾದ ಮೇಲೆ. ಒಂದು ಲೀಟರು ನೀರಿಗೆ 50 ಗ್ರಾಂ ಎಂಬುದು ಶೇಕಡಾ 5ರ ದ್ರಾವಣ. ಗೊರಸಿಗೆ ಇದಕ್ಕಿಂತ ಗಟ್ಟಿಯದು ಬೇಡ, ಇದರ ಅರ್ಧ ಬಲದ್ದೂ ನಡೆದೀತು. ಹತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಸಂದಿನಲ್ಲಿ ಸಡಿಲವಾಗಿ ತುರುಕಬೇಕು. ಕಲ್ಲಿನಂತೆ ಬಿಗಿದು ತುಂಬಿದರೆ ಮತ್ತೆ ಗಾಳಿ ಕಟ್ಟಿದಂತಾಗುತ್ತದೆ. ದಿನಕ್ಕೊಮ್ಮೆ ಹತ್ತಿ ಬದಲಿಸಬೇಕು. ವಾಸನೆ ಹೋಗಿ ಮೆತ್ತೆ ಗಟ್ಟಿಯಾಗುವವರೆಗೆ, ಸಾಮಾನ್ಯವಾಗಿ ಒಂದೆರಡು ವಾರ, ಇದನ್ನು ಬಿಡದೆ ಮಾಡಬೇಕು. ದ್ರಾವಣ ಕಲಸಲು ಕಬ್ಬಿಣದ ಪಾತ್ರೆ ಕೂಡದೆಂಬುದು ನಮಗೆ ಗೊತ್ತೇ ಇದೆ. ಬೋರ್ಡೋ ಹದ ನೋಡಲು ಅದ್ದಿದ ಚೂರಿಯ ಮೇಲೆ ತಾಮ್ರ ಕೂರುವುದನ್ನು ಕಂಡವರು ನಾವು. ಅದೇ ಕಾರಣಕ್ಕೆ ಲಾಳ ಕಟ್ಟಿದ ಕುದುರೆಯಲ್ಲಿ ಈ ದ್ರಾವಣ ದಿನಗಟ್ಟಲೆ ನಿಂತರೆ ಮೊಳೆಗಳು ಸವೆಯುತ್ತವೆ. ಲಾಳ ಕಳಚಿ ಚಿಕಿತ್ಸೆ ಮಾಡುವುದೇ ಲೇಸು. ರಕ್ತ ಬರುವ ಹಸಿಗಾಯಕ್ಕೆ ಮೈಲುತುತ್ತ ಸುಡುತ್ತದೆ. ಅಂಥಲ್ಲಿ ಔಷಧದಂಗಡಿಯ ಪೊವಿಡೋನ್ ಅಯೋಡಿನ್ನನ್ನು ನೀರು ಬೆರೆಸಿ ಚಹಾದ ಬಣ್ಣಕ್ಕೆ ತಂದು ಬಳಸುವುದು ಸೌಮ್ಯ.

ಮಿಕ್ಕ ಬೋರ್ಡೋ ದ್ರಾವಣವನ್ನೇ ಗೊರಸಿಗೆ ಹಾಕಬಹುದೇ ಎಂದು ನಮ್ಮ ಸದಸ್ಯರೊಬ್ಬರು ಕೇಳಿದ್ದಾರೆ. ಬೇಡ. ಸುಣ್ಣ ಸೇರಿದೊಡನೆ ತಾಮ್ರವು ನೀರಿನಲ್ಲಿ ಕರಗದ ರೂಪ ತಾಳಿ ಗೊನೆಗೆ ಅಂಟಿಕೊಳ್ಳುವಂತಾಗುತ್ತದೆ. ಗೊರಸಿನ ಸಂದಿನಲ್ಲಿ ಇಳಿದು ಕೆಲಸ ಮಾಡಬೇಕಾದುದು ಕರಗಿದ ತಾಮ್ರ.

ಮನೆಮದ್ದುಗಳ ವಿಚಾರದಲ್ಲಿ ನಾಲ್ಕು ಮಾತು. ಉಪ್ಪುನೀರು ತೊಳೆಯಲು ಉತ್ತಮ. ವಿನಿಗರಿಗೆ ಸಮನಾಗಿ ನೀರು ಬೆರೆಸಿ ಹಾಕುವುದನ್ನು ಹೊರದೇಶದ ಕುದುರೆ ಸಾಕಣೆದಾರರು ಹೇಳುತ್ತಾರೆ. ಆರಂಭದ ಕೊಳೆಗೆ ಸಾಕಾದೀತು, ಆಳಕ್ಕಿಳಿದ ಕೊಳೆಗೆ ಅಷ್ಟರಿಂದ ಆಗದು. ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿಗುಲಾಬಿ ನೀರು ತೊಳೆಯಲು ಸರಿಯೇ. ಬೇವಿನೆಣ್ಣೆ ನೊಣ ಕೂರದಂತೆ ಕಾಯುತ್ತದೆ, ಆದುದರಿಂದ ಮೇಲ್ಲೇಪಕ್ಕೆ ಒಳ್ಳೆಯದು. ಆದರೆ ಕೊಳೆ ತೆಗೆಯದೆ ಅದರ ಮೇಲೆಯೇ ಎಣ್ಣೆ ಬಳಿದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ. ಸುಣ್ಣವನ್ನೂ ಬೂದಿಯನ್ನೂ ಕೊಟ್ಟಿಗೆಯ ನೆಲಕ್ಕೆ ಚೆಲ್ಲಿ, ಗೊರಸಿಗೆ ತುಂಬಬೇಡಿ. ಫಾರ್ಮಲಿನ್, ಸೀಮೆಎಣ್ಣೆ, ಬ್ಯಾಟರಿಯ ಆಮ್ಲ, ಸುಟ್ಟ ಎಂಜಿನ್ ಎಣ್ಣೆ ಇವೆಲ್ಲವೂ ಅಲ್ಲಲ್ಲಿ ಬಳಕೆಯಲ್ಲಿರುವುದನ್ನು ಕೇಳಿದೆವು. ಒಂದನ್ನೂ ಮುಟ್ಟಬಾರದು. ಕೊಳೆಯ ಜೊತೆಗೆ ಜೀವವಿರುವ ಮಾಂಸವನ್ನೂ ಸುಡುವ ಔಷಧಕ್ಕೆ ಔಷಧವೆಂಬ ಹೆಸರು ಸಲ್ಲದು.

ಗೋಡೆಯ ಕೊಳೆಗಂತೂ ಯಾವ ಮನೆಮದ್ದೂ ತಾನಾಗಿ ತಲುಪದು. ಟೊಳ್ಳಾದ ಭಾಗದ ಹೊರಗೋಡೆಯನ್ನು ಕತ್ತರಿಸಿ ತೆರೆದು, ಒಳಗಿನ ಹಿಟ್ಟನ್ನು ಕೆದಕಿ, ಗಟ್ಟಿ ಕೊಂಬು ಸಿಗುವವರೆಗೂ ಗಾಳಿಗೆ ಒಡ್ಡಿದರೆ ಮಾತ್ರ ವಾಸಿ. ಎಷ್ಟು ಕತ್ತರಿಸಬಹುದು, ಕುದುರೆಯ ಭಾರ ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಬಲ್ಲ ಪಶುವೈದ್ಯರ ಕೆಲಸ ಅದು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ. ಮೇಲಂಚಿನಿಂದ ಮುಂತುದಿಯವರೆಗೆ ಹೊಸ ಗೋಡೆ ಇಳಿದುಬರಲು 9ರಿಂದ 12 ತಿಂಗಳು ಬೇಕು. ಹಾಳಾದ ಗೋಡೆಗೆ ಒಂದು ವರ್ಷದ ಸಹನೆ, ಹಾಳಾಗದಂತೆ ಕಾಯಲು ಆರೆಂಟು ವಾರಕ್ಕೊಮ್ಮೆ ಗೊರಸು ಸವರಿಸುವ ಖರ್ಚು: ಯಾವುದು ಅಗ್ಗವೆಂದು ಬೆಳೆಗಾರರಿಗೆ ನಾವು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಆ ನಾಲಬಂದನೇ ಹೇಳಿದ ಸಂಗತಿ. ಮದುವೆ ಮೆರವಣಿಗೆಯ ಕುದುರೆಯೊಂದರ ಅಂಗಾಲಿಗೆ ಮೊಳೆ ಚುಚ್ಚಿತ್ತು. ಒಡೆಯ ಮೊಳೆ ಕಿತ್ತು, ತೂತಿಗೆ ಎಂಜಿನ್ ಎಣ್ಣೆ ಸುರಿದು, ಮರುದಿನವೇ ದಿಬ್ಬಣಕ್ಕೆ ಕಳುಹಿಸಿದ. ಹತ್ತನೆಯ ದಿನಕ್ಕೆ ಕುದುರೆಯ ದವಡೆ ಬಿಗಿದು, ಬಾಲ ಸೆಟೆದು, ಕಾಲುಗಳು ಮರದ ಕಾಲುಗಳಂತಾದುವು. ಧನುರ್ವಾಯು. ಉಳಿಯಲಿಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಬೇರೊಂದಿಲ್ಲ. ಆಳವಾದ ಗೊರಸಿನ ಗಾಯವೇ ಅದಕ್ಕೆ ಹೆಬ್ಬಾಗಿಲು. 4ರಿಂದ 6 ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಅನಂತರ ವರ್ಷಕ್ಕೊಂದು, ಇಷ್ಟರಿಂದ ತಪ್ಪಿಸಬಹುದಾದ ಸಾವು ಅದು. ಕುದುರೆ ಸಾಕಿರುವ ನಮ್ಮ ಬೆರಳೆಣಿಕೆಯ ಸದಸ್ಯರು ಇದನ್ನು ಮರೆಯಬಾರದು. ಗೊರಸು ಬಿಸಿಯಾಗಿ ಮೇಲಿನ ಕಾಲಿಗೂ ಬಾವು ಏರಿದರೆ, ಗೊರಸಿನ ಮೇಲಂಚಿನಲ್ಲಿ ಕೀವು ಒಡೆದರೆ, ಮೆತ್ತೆಯಲ್ಲಿ ಹೂಕೋಸಿನಂಥ ಮಾಂಸ ಬೆಳೆದರೆ, ಮೊಳೆ ಅಥವಾ ಮುಳ್ಳು ಆಳಕ್ಕೆ ಚುಚ್ಚಿದ್ದರೆ ಮೈಲುತುತ್ತದ ಪೊಟ್ಟಣ ಬದಿಗಿಟ್ಟು ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ದೂರವಾಣಿ ಮಾಡಬಹುದು. ಬಯಲಲ್ಲಿರುವ ಕುರಿಗಾರರಿಗೂ ಈ ಸಂಖ್ಯೆಯನ್ನು ನಾವು ಬರೆದುಕೊಟ್ಟು ಬಂದೆವು.

ಕುದುರೆಯ ಕಾಲಿನ ಆರೈಕೆ ಆ ಸೀಮೆಗೆ ಹೊಸ ವಿದ್ಯೆಯಲ್ಲ. ಗಂಗಾವತಿಯ ಪಕ್ಕದ ಆನೆಗೊಂದಿ, ಹೊಳೆಯಾಚೆಯ ಹಂಪೆ, ಇವು ಒಂದು ಕಾಲಕ್ಕೆ ದಕ್ಷಿಣದಲ್ಲಿಯೇ ಅತಿ ಹೆಚ್ಚು ಕುದುರೆ ಕೊಳ್ಳುತ್ತಿದ್ದ ರಾಜ್ಯದ ನೆಲೆ. ವಿಜಯನಗರದರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ 16ನೆಯ ಶತಮಾನದಲ್ಲಿ ಬರೆದಿದ್ದಾನೆ. ಹಡಗಿನಲ್ಲಿ ಸತ್ತ ಕುದುರೆಗೂ ಬಾಲ ತೋರಿಸಿದರೆ ಹಣ ಸಿಗುತ್ತಿದ್ದ ಕಾಲವೊಂದಿತ್ತಂತೆ. ಅದಕ್ಕೂ ಹಿಂದೆ, 13ನೆಯ ಶತಮಾನದ ಕೊನೆಯಲ್ಲಿ, ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಇನ್ನೂ ಕಟುವಾದ ಮಾತು ಹೇಳಿದ್ದಾನೆ: ಕುದುರೆ ಮಾರುವ ವರ್ತಕರು ಲಾಳ ಕಟ್ಟುವವರನ್ನೂ ಕುದುರೆ ವೈದ್ಯರನ್ನೂ ಆ ನಾಡಿಗೆ ಬರಗೊಡುತ್ತಿರಲಿಲ್ಲ, ಏಕೆಂದರೆ ಕುದುರೆಗಳು ಬೇಗ ಸತ್ತಷ್ಟೂ ಅವರಿಗೆ ವ್ಯಾಪಾರ. ನಮ್ಮ ಕನ್ನಡದಲ್ಲಿಯಾದರೋ ಕೀರ್ತಿವರ್ಮನ ಗೋವೈದ್ಯ, ಅಭಿನವಚಂದ್ರನ ಅಶ್ವವೈದ್ಯಗಳು ಹಿಂದೆಯೇ ಹುಟ್ಟಿದ್ದುವು. ವಿದ್ಯೆಯನ್ನು ಬಚ್ಚಿಟ್ಟು ಲಾಭ ಮಾಡುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕುರಿಗಾರರಿಗೆ ಬಣ್ಣದ ಬಾಟಲಿಗಳಲ್ಲಿ ಮೈಲುತುತ್ತದ ನೀರನ್ನೇ ಹತ್ತು ಪಟ್ಟು ಬೆಲೆಗೆ ಮಾರುವವರ ಕಥೆಯೂ ನಮ್ಮ ಕಿವಿಗೆ ಬಿತ್ತು.

ಇಲ್ಲಿಂದ ಮುಂದಿನದು ಕುರಿಯ ಮಾತು, ನಮ್ಮ ತೋಟಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಕುರಿಯ ಗೊರಸಿನ ಕೊಳೆ ಬೇರೆಯದೇ ಬ್ಯಾಕ್ಟೀರಿಯಾದಿಂದ ಬರುತ್ತದೆ, ಮತ್ತು ಒಂದರಿಂದ ಒಂದಕ್ಕೆ ಹಿಂಡೆಲ್ಲ ಹರಡುತ್ತದೆ. ಆ ಸೀಮೆಯ ಕೆಂಗುರಿಯಾಗಲಿ ದಖ್ಖನಿ ಕುರಿಯಾಗಲಿ ಒಣನೆಲದ ಜೀವ. ಜಡಿಮಳೆಯ ಕೆಸರಿನಲ್ಲಿ ಗೊರಸಿನ ನಡುವಿನ ಚರ್ಮ ನೆನೆದು ಒಡೆಯುತ್ತದೆ. ಮಳೆಗಾಲದಲ್ಲಿ ಹಿಂಡುಗಳು ನಮ್ಮ ಕಡೆ ತಲೆಹಾಕದಿರುವುದಕ್ಕೆ ಇದೇ ಮುಖ್ಯ ಕಾರಣ. ಜೂನ್ ಬಂದ ಮೇಲೂ ಇನ್ನೊಂದು ವಾರ ತರುಬಿ ಹೋಗಿರೆಂದು ನಮ್ಮವರು ಒತ್ತಾಯಿಸಿದಾಗ ಕುರಿಗಾರರು ಒಪ್ಪದಿದ್ದರೆ ಅದು ಹಟವಲ್ಲ.

ಕುರಿಗಳಿಗೆ ಗೊರಸು ತೊಟ್ಟಿ ಮಾಡುತ್ತಾರೆ. ಗೊರಸು ಮುಳುಗುವಷ್ಟು ದ್ರಾವಣ ತುಂಬಿದ ಉದ್ದನೆಯ ಆಳವಿಲ್ಲದ ತೊಟ್ಟಿಯಲ್ಲಿ ಹಿಂಡನ್ನು ದಾಟಿಸುವುದು. ಶೇಕಡಾ 5ರ ಮೈಲುತುತ್ತವೂ ಆದೀತು. ಆದರೆ ನಮ್ಮ ಅಭಿಪ್ರಾಯದಲ್ಲಿ ಕುರಿಗಳಿಗೆ ಶೇಕಡಾ 10ರ ಜಿಂಕ್ ಸಲ್ಫೇಟೇ ಉತ್ತಮ. ಕಾಫಿ ಗಿಡಗಳಿಗೆ ಸಿಂಪಡಿಸಲು ನಾವು ತರಿಸುವ ಅದೇ ಜಿಂಕ್ ಸಲ್ಫೇಟು. ನೂರು ಲೀಟರಿಗೆ 10 ಕಿಲೋ. ಅದರಲ್ಲಿ ಕುರಿಗಳನ್ನು ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಬಳಿಕ ಕಲ್ಲುನೆಲದ ಮೇಲೆ ಗೊರಸು ಆರುವವರೆಗೆ ತಡೆಯಬೇಕು. ಆ ತೊಟ್ಟಿಗೆ ಬಿಡುವ ಮುನ್ನ ಕುರಿಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿರಬೇಕು, ಬಾಯಾರಿದ ಕುರಿ ತೊಟ್ಟಿಗೆ ಬಾಯಿ ಹಾಕುತ್ತದೆ. ರೋಗ ತಗುಲಿದ ನೆಲವನ್ನು ಎರಡು ವಾರ ಕುರಿಯಿಲ್ಲದೆ ಒಣಗಲು ಬಿಟ್ಟರೆ ರೋಗಾಣು ಬಹುಮಟ್ಟಿಗೆ ತಾನೇ ಸಾಯುತ್ತದೆ.

ಮೈಲುತುತ್ತಕ್ಕಿಂತ ಜಿಂಕ್ ಮೇಲೆಂದು ನಾವು ಹೇಳುವುದೇಕೆಂದರೆ ತಾಮ್ರವು ಕುರಿಗೆ ಕಡುವಿಷ. ದನ, ಕುದುರೆಗಳು ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳಿಕೊಳ್ಳದು. ದಿನದಿನವೂ ಒಂದಿಷ್ಟೇ ಒಳಹೋದರೂ ಅದು ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗಿ, ಹೊರಗೆ ಏನೂ ತೋರದೆ ವಾರಗಟ್ಟಲೆ ಕಳೆದು, ಒಂದು ದಿನ ದಿಢೀರನೆ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕೆಂಪು ಕಂದಾಗಿ, ಒಂದೆರಡು ದಿನಗಳಲ್ಲಿ ಸಾವು. ಹೊರದೇಶದ ದ್ರಾಕ್ಷಿ, ಹಣ್ಣಿನ ತೋಟಗಳಲ್ಲಿ ತಾಮ್ರದ ಔಷಧಿ ಬಿದ್ದ ಹುಲ್ಲು ಮೇಯ್ದು ಕುರಿಗಳು ಹೀಗೆ ಸತ್ತಿರುವುದು ಚೆನ್ನಾಗಿ ದಾಖಲಾದ ಸಂಗತಿ. ನಮ್ಮ ತೋಟಗಳಲ್ಲಿ ಮರದ ತುದಿಗೆ ಹೊಡೆದ ಬೋರ್ಡೋ ನೆಲಕ್ಕೆ ಎಷ್ಟು ತೊಟ್ಟಿಕ್ಕುತ್ತದೆಂದು ಹೇಳಬೇಕಾಗಿಲ್ಲ. ಮರುದಿನ ಅಡಿಯ ಹುಲ್ಲೆಲ್ಲ ನೀಲಿ. ಆ ಹುಲ್ಲನ್ನು ಕುರಿಗೆ ಮೇಯಿಸುವುದಾಗಲಿ, ಕೊಯ್ದು ಹಾಕುವುದಾಗಲಿ ಕೂಡದು. ಮೈಲುತುತ್ತ ಕಲಸಿದ ಡ್ರಮ್ಮಿನಲ್ಲಿ ನೀರು ತುಂಬಿ ಹಿಂಡಿಗೆ ಇಡಕೂಡದು. ದನಗಳಿಗೆ ಕೊಡುವ ಖನಿಜ ಮಿಶ್ರಣದಲ್ಲಿಯೂ ತಾಮ್ರವಿರುವುದರಿಂದ ಅದನ್ನು ಉಪಕಾರವೆಂದು ಕುರಿಗಳ ಮುಂದೆ ಸುರಿಯುವುದೂ ಬೇಡ. ಒಪ್ಪಂದದ ಮೇಲೆ ಬಂದ ಹಿಂಡು ನಮ್ಮ ತೋಟದ ಹುಲ್ಲಿನಿಂದ ಸತ್ತರೆ ಆ ಸಂಸಾರಕ್ಕೆ ನಾವು ಯಾವ ಮುಖ ತೋರಿಸುವುದು?

ಕಾಲುವೆಯ ದಂಡೆಯ ಆ ಕುದುರೆಯ ವಿಷಯ ಕೇಳುವವರಿಗಾಗಿ: ಅಜ್ಜನ ಮಗ ಮೂರು ವಾರಗಳ ಬಳಿಕ ದೂರವಾಣಿಯಲ್ಲಿ ಸಿಕ್ಕಿದ. ವಾಸನೆ ಆರನೆಯ ದಿನಕ್ಕೇ ಹೋಯಿತಂತೆ, ಎರಡನೆಯ ವಾರಕ್ಕೆ ಕುದುರೆ ಕಾಲೂರಿತಂತೆ. ಅಷ್ಟರಲ್ಲಿ ಮುಂದಿನ ಗದ್ದೆ ಕೈತಪ್ಪಿ ಹೋಗಿತ್ತು. ಕನಕಗಿರಿಯ ಕಡೆ ಕಡಿಮೆ ಕಾಳಿಗೆ ಬೇರೊಂದು ಗದ್ದೆ ಹಿಡಿದಿದ್ದರು. ರಾತ್ರಿ ಕುದುರೆ ಕಟ್ಟುವಲ್ಲಿ ಈಗ ಮೊದಲು ಒಣ ಮರಳು ಹರಡುತ್ತಾರಂತೆ, ಬೆಳಗ್ಗೆ ಹೊರೆ ಹೇರುವ ಮುನ್ನ ನಾಲ್ಕೂ ಗೊರಸು ಎತ್ತಿ ನೋಡುತ್ತಾರಂತೆ.

ಮುಂಬರುವ ಸಾಲಿನಿಂದ ಕುರಿ ತರುಬಿಸಲು ಹೆಸರು ಕೊಡುವ ಸದಸ್ಯರು ತೋಟಕ್ಕೆ ಕಡೆಯ ಬೋರ್ಡೋ ಹೊಡೆದ ದಿನಾಂಕವನ್ನೂ, ಹೊಡೆದ ಮೇಲೆ ಅಡಿಯ ಹುಲ್ಲು ಸವರಿ ಹೊರಹಾಕಿದ್ದಾರೆಯೇ ಎಂಬುದನ್ನೂ ಅರ್ಜಿಯಲ್ಲಿ ನಮೂದಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಅರ್ಜಿಗಳು ಕಚೇರಿಯಲ್ಲಿ ದೊರೆಯುತ್ತವೆ. ಗೊರಸಿನ ಚಿಕಿತ್ಸೆಗೆ ಬೇಕಾದವರಿಗೆ ಮೈಲುತುತ್ತವನ್ನೂ ಜಿಂಕ್ ಸಲ್ಫೇಟನ್ನೂ ಚೀಲ ಒಡೆದು ಚಿಲ್ಲರೆಯಾಗಿ ತೂಗಿ ಕೊಡಲು ಗೋದಾಮಿನವರಿಗೆ ತಿಳಿಸಿದ್ದೇವೆ. ತಮ್ಮ ತೋಟಕ್ಕೆ ಬರುವ ಕುರಿಗಾರರ ಸಲುವಾಗಿಯೂ ಸದಸ್ಯರು ತಮ್ಮ ಲೆಕ್ಕದಲ್ಲಿ ಒಯ್ಯಬಹುದು.